ಎಂಟಿಂಚಿನ ಡ್ರೈವರ್

ಸ್ಪೀಕರಿನ ಒಳಗಿರುವುದಕ್ಕೂ ಡ್ರೈವರ್ ಅಂತಲೇ ಹೆಸರು
ಎಂದು ಸಿಪ್ರಿಯನ್ ಹೇಳಿದಾಗ ನಾನು ನಕ್ಕೆ.
ಹವಲ್ಲಿಯ ಅವನ ಅಂಗಡಿಯಲ್ಲಿ
ಎ.ಸಿ. ಕೆಟ್ಟು ಮೂರು ದಿನ.
"ಅದಕ್ಕೂ ಇಕಾಮಾ ಉಂಟಾ?" ಎಂದೆ.
ಅವನು ನಗಲಿಲ್ಲ, ಬಾಯಲ್ಲಿ ಸ್ಕ್ರೂ ಕಚ್ಚಿದ್ದ.

ದಿವಾನಿಯಾದ ಮೂಲೆಯಲ್ಲಿ ಇಷ್ಟು ವರ್ಷ
ನಿಂತಿದ್ದವು ಎರಡು ಪೆಟ್ಟಿಗೆ, ನನ್ನ ಸೊಂಟದೆತ್ತರ.
ತೇಗವಲ್ಲ; ತೇಗದ ಚರ್ಮ ಹೊದ್ದ ಮರದ ಹೊಟ್ಟಿನ ಹಲಗೆ.
ಬಾಬಾ ತೀರಿಕೊಂಡ ಮೇಲೆ ಯಾರೂ ಮುಟ್ಟಿರಲಿಲ್ಲ.
ಮೊನ್ನೆ ಮಾಮಾ ಗುಂಡಿ ಒತ್ತಿದರೆ
ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕವನ ಹಾಗೆ
ಕರಕರ, ಕೆಮ್ಮು.
"ಬಿಸಾಡು" ಅಂದರು. ಬಾಗಿಲವರೆಗೆ ಹೋಗಿ
ತಿರುಗಿ, "ಅಥವಾ ನೋಡು."

ಆ ಅಥವಾವನ್ನು ಡಿಕ್ಕಿಯಲ್ಲಿ ಹಾಕಿಕೊಂಡು
ನಾಲ್ಕನೇ ರಿಂಗ್ ರೋಡಿನಲ್ಲಿ ಬಂದೆ.

ಜಾಲರಿ ತೆಗೆದರೆ
ಕಾಗದದ ಕೋನಿನ ಸುತ್ತ ಇದ್ದ ಸ್ಪಂಜಿನ ಅಂಚು
ಬೆರಳು ತಾಗಿದ್ದೇ ಉದುರಿತು,
ಹಳೇ ಬೆಲ್ಲದ ಹಾಗೆ ಅಂಟಂಟು, ಕಪ್ಪು.
"ಸೆಕೆಗೆ," ಅಂದ ಸಿಪ್ರಿಯನ್.
"ಇಲ್ಲಿ ಎಲ್ಲದರ ಅಂಚೇ ಮೊದಲು ಹೋಗುವುದು."
ಅವನ ತಲೆಯಲ್ಲಿ ಮಾತ್ರ ತದ್ವಿರುದ್ಧ:
ನಡು ಬೋಳು, ಅಂಚು ಉಳಿದಿತ್ತು.

ಶುಕ್ರವಾರ ಅಲ್ ರಾಯ್ ಸಂತೆ.
ಪಾರಿವಾಳ, ಕಾರ್ಪೆಟ್ಟು, ಯಾರದೋ ಮದುವೆಯ ಸೋಫಾ ದಾಟಿ
ಒಬ್ಬ ಮಿಸ್ರಿ ಸುರಿದುಕೊಂಡು ಕೂತ ರಾಶಿಯಲ್ಲಿ
ಎರಡು ಡ್ರೈವರ್. ಒಂದೇ ಕಂಪನಿ, ಒಂದೇ ತೂಕ.
ಹನ್ನೆರಡು ದಿನಾರ್ ಅಂದ. ಏಳಕ್ಕೆ ಇಳಿದ.
ಎಂಟಿಂಚು ಅಂತ ಬರೆದದ್ದು ಸುಳ್ಳು,
ತೂತಿಗಿಂತ ಕಾಲಿಂಚು ಚಿಕ್ಕವು;
ಹಳಬನ ಅಂಗಿ ಹೊಸಬನ ಮೈಗೆ.
ಮಾವಿನ ಪೆಟ್ಟಿಗೆಯ ಪ್ಲೈವುಡ್ಡಲ್ಲಿ ಉಂಗುರ ಕೊರೆದೆವು.
ಮರಳು ಕಾಗದದಲ್ಲಿ ಉಜ್ಜಿ ಮೂಸಿ ನೋಡಿದೆ.
ಮಾವಿನ ವಾಸನೆ ಇರಲಿಲ್ಲ.
ಒಳಗೆ ತುಂಬಲು ನನ್ನ ಕೋಣೆಯ ಎರಡನೇ ದಿಂಬಿನ ಹತ್ತಿ.
ಜೋಡಿಯಾಗಿ ಕೊಂಡದ್ದು. ಅವಳಿಗೆ ವೀಸಾ ಆಗಲಿಲ್ಲ,
ಹನ್ನೊಂದು ವರ್ಷ ಹೊಸತೇ ಇತ್ತು.

ತಂತಿ ಬೆಸೆಯುವ ಮುಂಚೆ
ಗಡಿಯಾರದ ಸೆಲ್ ತೆಗೆದು ಮುಟ್ಟಿಸಿದ.
ಒಂದರ ಕೋನು ಮುಂದಕ್ಕೆ ಜಿಗಿಯಿತು,
ಇನ್ನೊಂದರದು ಹಿಂದಕ್ಕೆ ಸರಿಯಿತು.
"ಬಣ್ಣ ನಂಬಬೇಡ, ಯಾರೋ ಅದಲು ಬದಲು ಮಾಡಿದ್ದಾರೆ.
ಹೀಗೇ ಬಿಟ್ಟರೆ ಒಂದು ತಳ್ಳುವಾಗ ಒಂದು ಎಳೆದು
ದಪ್ಪ ದನಿಯೆಲ್ಲ ನಡುದಾರಿಯಲ್ಲೇ ಸಾಯುತ್ತದೆ.
ಎರಡೂ ಕೂಗುತ್ತಿರುತ್ತವೆ, ಕೇಳುವವನಿಗೆ ತೆಳ್ಳಗೆ."
ನನಗೆ ಊರಿಗೆ ಮಾಡಿದ ಫೋನುಗಳು ನೆನಪಾದವು.
ಹೇಳಲಿಲ್ಲ.
ಸೆಲ್ ಇಸಕೊಂಡು ನಾನೂ ಒಮ್ಮೆ ಮುಟ್ಟಿಸಿದೆ. ಟಕ್.

ದಿವಾನಿಯಾದಲ್ಲಿಟ್ಟು ರೇಡಿಯೋ ಹಾಕಿದೆ.
ವಾರ್ತೆ. ವಾಯವ್ಯದ ಗಾಳಿ, ಧೂಳು, ಸಮುದ್ರದಲ್ಲಿ ಆರಡಿ ಅಲೆ.
ಓದುವವನ ತುಟಿ ತೆರೆಯುವುದೂ ಕೇಳಿಸಿತು.
ಮಾಮಾ ಒರಗಿ ಕೂತು, ಕಣ್ಣು ಮುಚ್ಚಿ,
ಕೊನೆಯವರೆಗೂ ಕೇಳಿದರು.
"ಚೆನ್ನಾಗಿದೆ. ಆದರೆ ಇದು ಅದಲ್ಲ."
ಅಷ್ಟೇ. ಆರಿಸು ಅಂತಲೂ ಹೇಳಲಿಲ್ಲ.
ರಾತ್ರಿ ಹನ್ನೊಂದಕ್ಕೆ ನಾನು ಗೇಟು ಹಾಕುವಾಗ
ಖಾಲಿ ಕೋಣೆಗೆ ಅವನು
ಅದೇ ಗಾಳಿ, ಅದೇ ಧೂಳು ಓದುತ್ತಿದ್ದ.

ಈ ತಿಂಗಳು ಲುಲ್ವಾಗೆ ಲೈಸೆನ್ಸ್ ಸಿಕ್ಕಿತು.
ಪಕ್ಕದ ಸೀಟಲ್ಲಿ ಕೂತು ನಾನೇ ಕಲಿಸಿದ್ದು:
ರೌಂಡಬೌಟಿನಲ್ಲಿ ಹೆದರಬೇಡ, ಕನ್ನಡಿ ನೋಡು.
ಅವಳ ಅಣ್ಣ ಬಂದು ನನ್ನ ಹತ್ತಿರ ಮೆಲ್ಲಗೆ ಮಾತಾಡಿದ.
ಒಳ್ಳೆಯ ಮಾತೇ. ಟಿಕೆಟ್ಟು, ಎರಡು ತಿಂಗಳ ಸಂಬಳ.

ಹಳೆ ಡ್ರೈವರುಗಳನ್ನು ಗುಜರಿಗೆ ಹಾಕು ಅಂದಿದ್ದ ಸಿಪ್ರಿಯನ್.
ಒಂದನ್ನು ಹಾಕಿದೆ.
ಇನ್ನೊಂದರ ಕಾಗದ ಹರಿದು, ಚೌಕಟ್ಟು ಬಿಚ್ಚಿ,
ಮ್ಯಾಗ್ನೆಟ್ಟನ್ನು ನನ್ನ ಕೋಣೆಗೆ ತಂದೆ, ಗೇಟಿನ ಪಕ್ಕದ್ದು.
ತಗಡಿನ ಬಾಗಿಲು; ಟಪ್ಪೆಂದು ಕಚ್ಚಿಕೊಂಡಿತು.
ಆಮೇಲೆ ಕಾರಿನ ಕೀ ಗೊಂಚಲು ಅದಕ್ಕೇ.

ಇವತ್ತು ಬೆಳಿಗ್ಗೆ ಲುಲ್ವಾ ಕೈ ಚಾಚಿದಳು.
ಒಂದು ಕೈಯಲ್ಲಿ ಬರಲಿಲ್ಲ,
ಬಾಗಿಲಿಗೆ ಇನ್ನೊಂದು ಕೈ ಕೊಟ್ಟು
ಎಳೆದೆ.